ಫೋನಿನಲ್ಲಿ ಅಮ್ಮ ಚೆನ್ನಾಗಿದ್ದಾಳೆ

ಮನೆಯಿಂದ,
ಜೂನ್ ೨೦, ಶನಿವಾರ

ಪ್ರೀತಿಯ ಅಣ್ಣಾ,

ಅಮ್ಮನ ಖಿನ್ನತೆಯ ಮಾತ್ರೆಯನ್ನು ಅರ್ಧಕ್ಕೆ ಇಳಿಸಿದ್ದಾರೆ. ನಿನ್ನೆ ಆಸ್ಪತ್ರೆಯ ನರ್ಸ್ ಫೋನ್ ಮಾಡಿ ತಿಳಿಸಿದರು. ಕ್ಷೇಮ ಕೇಳುವ ಮೊದಲೇ ಇದನ್ನು ಬರೆದೆ, ಬೇಸರ ಮಾಡಿಕೊಳ್ಳಬೇಡ. ನಿನ್ನ ಕೆಮ್ಮು ಹೇಗಿದೆ? ಕೊರೊನಾದಿಂದಾಗಿ ವಿದ್ಯುತ್ ಕೇಂದ್ರದಲ್ಲೇ ಉಳಿಸಿಕೊಂಡು ನಿಮ್ಮನ್ನು ಇನ್ನೂ ಹೊರಗೆ ಬಿಡುತ್ತಿಲ್ಲವಂತೆ. ಊಟವನ್ನಾದರೂ ಹೊತ್ತಿಗೆ ಸರಿಯಾಗಿ ಮಾಡು. ಇದನ್ನೆಲ್ಲ ಫೋನಿನಲ್ಲೇ ಹೇಳಲು ಹೊರಟಿದ್ದೆ. ಅಮ್ಮ ಚೆನ್ನಾಗಿಯೇ ಮಾತಾಡಿದಳಲ್ಲ ಎಂದು ನೀನು ನನ್ನ ಮಾತನ್ನು ನಡುವೆಯೇ ತುಂಡು ಮಾಡಿದೆ. ಕಾಗದವನ್ನು ನೀನು ಹಾಗೆ ತಡೆಯಲಾರೆ. ನಾಳೆ ಹೊಸದಾಗಿ ಪಾಳಿಗೆ ಒಳಗೆ ಬರುವ ನಿನ್ನ ಜೊತೆಯವರ ಕೈಯಲ್ಲಿ ಕಳಿಸುತ್ತಿದ್ದೇನೆ.

ಸೋಂಕಿನ ಭಯಕ್ಕೆ ವಯಸ್ಸಾದವರು ಆಸ್ಪತ್ರೆಗೆ ಬರುವುದು ಬೇಡವೆಂದು ಡಾಕ್ಟರ್ ಈಗ ವಾರಕ್ಕೊಮ್ಮೆ ಫೋನಿನಲ್ಲೇ ವಿಚಾರಿಸುತ್ತಾರೆ. ಅವರದು ತಪ್ಪಲ್ಲ. ಆದರೆ ಅವರು ಮಾತಾಡಿಸುತ್ತಿರುವುದು ಟೆಲಿಫೋನ್ ಎಕ್ಸ್‌ಚೇಂಜಿನಲ್ಲಿ ಕರೆ ಜೋಡಿಸುತ್ತಲೇ ಕೂದಲು ಬೆಳ್ಳಗಾದ ಹೆಂಗಸನ್ನು. ಚಿಕ್ಕಂದಿನಲ್ಲಿ ನಮಗೆ ಬೈಯುತ್ತಿರುವಾಗಲೇ ಫೋನಿನ ಗಂಟೆ ಬಾರಿಸಿದರೆ ಅವಳ ದನಿಗೆ ಸಕ್ಕರೆ ಬೀಳುತ್ತಿತ್ತು. ಫೋನ್ ಇಟ್ಟ ಮೇಲೆ ಬೈಗುಳ ನಿಂತಲ್ಲಿಂದಲೇ ಮುಂದುವರಿಯುತ್ತಿತ್ತು. ಈಗಲೂ ಅಷ್ಟೇ. ಡಾಕ್ಟರಿಗೆ ಚೆನ್ನಾಗಿ ನಿದ್ದೆ ಬರುತ್ತಿದೆ, ಹಸಿವಾಗುತ್ತಿದೆ ಎನ್ನುತ್ತಾಳೆ, ಅವರ ಮಕ್ಕಳನ್ನೂ ವಿಚಾರಿಸುತ್ತಾಳೆ. ಆಮೇಲೆ ಗೋಡೆಗೆ ಮುಖ ಮಾಡಿ ಮಲಗಿದರೆ ಸಂಜೆಯಾದರೂ ಏಳುವುದಿಲ್ಲ. ಊಟದ ತಟ್ಟೆ ಮುಚ್ಚಿಟ್ಟಂತೆಯೇ ಇರುತ್ತದೆ. ತಲೆ ಬಾಚಿಕೊಳ್ಳುವುದನ್ನೂ ಬಿಟ್ಟಿದ್ದಾಳೆ. ಮೊನ್ನೆ ಕನ್ನಡಕ, ಉಣ್ಣೆಯ ಶಾಲು ಎರಡನ್ನೂ ತಂದು ನನ್ನ ಕೈಗಿತ್ತು, ಇನ್ನು ತನಗೆ ಬೇಕಾಗುವುದಿಲ್ಲ ಎಂದಳು. ಡಾಕ್ಟರಿಗೆ ಇದನ್ನು ಹೇಳಬಾರದೇನಮ್ಮಾ ಎಂದು ಕೇಳಿದೆ. "ಲೈನ್ ಹಿಡ್ಕೊಂಡು ಅಳೋಕಾಗತ್ತೇನೇ? ಬೇರೆಯವರು ಕಾಯ್ತಿರ್ತಾರೆ" ಅಂದಳು.

ನಿನ್ನೆ ನರ್ಸ್ ತಿಳಿಸಿದ ಮೇಲೆ, ಅಮ್ಮನಿಗೆ ಕೇಳಿಸದಂತೆ ಹೊರಗೆ ಮೆಟ್ಟಿಲ ಹತ್ತಿರ ನಿಂತು ಡಾಕ್ಟರಿಗೆ ಫೋನ್ ಮಾಡಿ ಇಷ್ಟನ್ನೂ ಒಪ್ಪಿಸಿದೆ. ಅವರು, ಹಾಗಾದರೆ ಫೋನ್ ಬೇಡ, ನಾನೇ ಬರುತ್ತೇನೆ ಎಂದರು. ಮಾಸ್ಕ್ ಹಾಕಿಕೊಂಡು ಅಂಗಳದಲ್ಲಿ ದೂರದೂರ ಕುರ್ಚಿ ಹಾಕಿ ಕೂರುವುದು. ನೋಡಿದ ಮೇಲೆಯೇ ಮಾತ್ರೆಯ ತೀರ್ಮಾನ. ಅಲ್ಲಿಯವರೆಗೆ ಅವಳನ್ನು ಒಂಟಿಯಾಗಿ ಬಿಡಬೇಡಿ ಎಂದಿದ್ದಾರೆ. ನಾನು ಹಾಸಿಗೆಯನ್ನು ಅವಳ ಕೋಣೆಗೇ ತಂದುಕೊಂಡಿದ್ದೇನೆ. ನನ್ನ ಗೊರಕೆಗೆ ಬೈದಳು, ಅಷ್ಟಾದರೂ ಬೈದಳಲ್ಲ ಎನಿಸಿತು.

ಇವರೂ ನಿನ್ನನ್ನು ಕೇಳಿದ್ದಾರೆ. ಬಿಸಿನೀರು ಕುಡಿಯುವುದನ್ನು ಮರೆಯಬೇಡ.

ನಿನ್ನ ತಂಗಿ

ತಾ.ಕ.: ಮಾತ್ರೆ ಇಳಿಸಿದ್ದು ನಿನ್ನ ಮಾತಿನ ಮೇಲೂ ಹೌದು. ಅಮ್ಮ ಲವಲವಿಕೆಯಿಂದಿದ್ದಾಳೆ, ತಂಗಿ ಸುಮ್ಮನೆ ಗಾಬರಿ ಬೀಳುತ್ತಾಳೆ ಎಂದು ನೀನು ಡಾಕ್ಟರಿಗೆ ಹೇಳಿದ್ದೀಯಂತೆ. ಯಾರ ಮಾತನ್ನು ನಂಬಲಿ ಎಂದು ಅವರು ನನ್ನನ್ನು ಕೇಳಿದರು. ಈ ಕಾಗದ ತಲುಪಿದ ಕೂಡಲೇ ಅವರಿಗೆ ಫೋನ್ ಮಾಡಿ, "ಅಮ್ಮನನ್ನು ಈಚೆಗೆ ನಾನು ಕಣ್ಣಾರೆ ನೋಡಿಲ್ಲ" ಎಂದಷ್ಟೇ ಹೇಳು. ಗುರುವಾರ ಬೆಳಿಗ್ಗೆ ಹತ್ತು ಗಂಟೆಗೆ ಅವರು ಬರುತ್ತಾರೆ.