ತಿಕ್ಕಲು ಆಟ

ಮನೆಯಿಂದ,
ಹದಿನಾಲ್ಕನೇ ತಾರೀಖು, ಭಾನುವಾರ ಸಂಜೆ

ಪ್ರೀತಿಯ ಮಗನೇ,

ಹೇಗಿದ್ದೀಯಪ್ಪಾ? ಮೈಗೆ ಹುಷಾರಾಗಿದ್ದೀಯಾ? ಹೊತ್ತಿಗೆ ಸರಿಯಾಗಿ ಊಟ ಮಾಡುತ್ತೀಯೋ, ಚೆಸ್ ಬೋರ್ಡಿನ ಮುಂದೆ ಕೂತು ಮರೆತೇಬಿಡುತ್ತೀಯೋ? ನೀನು ಓದು ಬಿಟ್ಟೆಯೆಂದು ನಿಮ್ಮಪ್ಪ ಕೂಗಾಡಿ, ನೀನೂ ಹಟಕ್ಕೆ ಬಿದ್ದು ಹೊರಟುಹೋದ ಮೇಲೆ ಎಲ್ಲಿದ್ದೀಯೆಂಬ ಸುಳಿವೇ ನನಗಿರಲಿಲ್ಲ. ಇವತ್ತು ಸಿಕ್ಕಿತು. ಹೇಗೆಂದು ಕೇಳು.

ನಿನ್ನ ತಂಗಿಗೆ ಇವತ್ತು ಹದಿನಾಲ್ಕು ವರ್ಷದೊಳಗಿನವರ ಚೆಸ್ ಪಂದ್ಯದ ಕೊನೆಯ ಸುತ್ತು. ಗೆದ್ದರೆ ತಂಡದಲ್ಲಿ ಜಾಗ. ನಾನೂ ನಿಮ್ಮಪ್ಪನೂ ಜೊತೆಗೆ ಹೋಗಿದ್ದೆವು. ಎದುರಿಗೆ ಎರಡು ಜಡೆಯ ಚೂಟಿ ಹುಡುಗಿ, ಬಿಳಿ ಕಾಯಿ ಅವಳದು. ಶುರುವಿನಲ್ಲೇ ರಾಜನ ಮಗ್ಗುಲಿನ ಕಾಲಾಳನ್ನು ಸುಮ್ಮನೆ ಬಿಟ್ಟುಕೊಟ್ಟು, ರಾಜನನ್ನೇ ಒಂದು ಮನೆ ಮುಂದಕ್ಕಿಟ್ಟಳು. ಅಡುಗೆಮನೆಯ ಮೇಜಿನ ಮೇಲೆ ನೀನು ಕಟ್ಟಿದ, ನಾವೆಲ್ಲ ‘ತಿಕ್ಕಲು ಆಟ’ ಎಂದು ನಗುತ್ತಿದ್ದ ಓಪನಿಂಗ್ ಅದು! ನಮ್ಮವಳಿಗೂ ಬಾಯಿಪಾಠ. ಇಬ್ಬರೂ ಯೋಚಿಸದೇ ಪಟಪಟ ಕಾಯಿ ನಡೆಸತೊಡಗಿದರು. ತೀರ್ಪುಗಾರರು ಕನ್ನಡಕ ಏರಿಸಿಕೊಂಡು ಬಂದು ನಿಂತರು. ಆಟ ಮುಗಿದದ್ದೇ ತಡ, “ಏನ್ರಮ್ಮಾ, ಮೊದಲೇ ಮಾತಾಡ್ಕೊಂಡು ಬಂದಿದ್ರಾ?” ಎಂದು ಗದರಿದರು.

ನನಗೂ ಅನುಮಾನವೇ. ನಮ್ಮ ಕೋಚ್ ಗುಟ್ಟು ಬಿಟ್ಟುಕೊಟ್ಟರೇ? ಬೆಳಗ್ಗೆ ಆ ಹುಡುಗಿಯ ತಾಯಿಯ ಜೊತೆ ಅವರು ನಗುನಗುತ್ತಾ ನಿಂತಿದ್ದನ್ನು ಕಣ್ಣಾರೆ ಕಂಡಿದ್ದೆ. ಇಲ್ಲವೇ ಇವಳೇ ಎಲ್ಲೋ ಬಾಯಿಬಿಟ್ಟಳೇ? ಅಷ್ಟರಲ್ಲಿ ಆ ಹುಡುಗಿ ಬಿಕ್ಕುತ್ತಾ, “ನಮ್ ಸರ್ ಹೇಳ್ಕೊಟ್ಟಿದ್ದು! ಯೋಚ್ನೆ ಮಾಡುವಾಗ ಕಿವಿ ಎಳ್ಕೋತಾರಲ್ಲ, ಅವ್ರೇ ಕಂಡುಹಿಡಿದಿದ್ದು” ಎಂದಳು. ಕಿವಿ ಎಳೆದುಕೊಳ್ಳುವುದು ನಿನ್ನದೇ ಚಾಳಿಯಲ್ಲವೇ! “ನಂಗೂ ಅವ್ರೇ ಹೇಳ್ಕೊಟ್ಟಿದ್ದು. ಅವ್ರು ನಮ್ಮಣ್ಣ” ಎಂದಳು ನಿನ್ನ ತಂಗಿ. ತೀರ್ಪುಗಾರರು ತಲೆ ಕೆರೆದುಕೊಂಡು ಹೋದರು. ಇವಳು ಸೋತಿದ್ದಳು, ತಂಡದ ಜಾಗ ಹೋಗಿತ್ತು, ಆದರೂ ದಾರಿಯುದ್ದಕ್ಕೂ ನಗು!

ತೀರ್ಪುಗಾರರ ಸಂಶಯ ಹೋಯಿತು, ನನ್ನದು ಹೆಚ್ಚಾಯಿತು. ಅಲ್ಲಿ ಮಗನ ಸುದ್ದಿ ಕಿವಿಗೆ ಬಿದ್ದರೂ ನಿಮ್ಮಪ್ಪ ಕಿಟಕಿಯಾಚೆ ನೋಡುತ್ತ ನಿಂತೇ ಇದ್ದರು. ಕೋಪ ಇನ್ನೂ ಇಳಿದಿಲ್ಲವೇನೋ ಅಂದುಕೊಂಡೆ. ಆದರೆ ಆ ಹುಡುಗಿ ಹೋಗುವಾಗ ಅವರಿಗೇಕೆ ಕೈಬೀಸಿದಳು?

ಆರೋಗ್ಯ ನೋಡಿಕೋ, ಕಂದಾ. ಎಲ್ಲಿದ್ದರೂ ತಣ್ಣಗಿರು.

ನಿನ್ನ,
ಅಮ್ಮ

ಮತ್ತೆ ಬರೆದದ್ದು: ಆ ಹುಡುಗಿಯ ಮನೆ ವಿಚಾರಿಸಿ ಅವಳ ಕೈಲಿ ಈ ಕಾಗದ ಕಳಿಸೋಣವೆಂದು ಎದ್ದರೆ, ಬಾಗಿಲಲ್ಲಿ ನಿಮ್ಮಪ್ಪ ಕೈಚಾಚಿ ನಿಂತಿದ್ದಾರೆ. “ಕೊಡು. ಹೇಗೂ ಭಾನುವಾರ ಸಂಜೆ ನಾನು ಹೋಗೋದು ಅಲ್ಲಿಗೇ.” ವಾರವಾರ ವಾಕಿಂಗ್ ಎಂದು ಹೇಳಿ ಹೊರಡುತ್ತಿದ್ದದ್ದು ನಿನ್ನ ಹತ್ತಿರಕ್ಕೆ! ವಾಕಿಂಗ್ ಅಂತೆ ವಾಕಿಂಗ್! ಅಪ್ಪ ಮಗ ಸೇರಿ ನನ್ನನ್ನು ಚೆನ್ನಾಗಿ ಮಂಗ ಮಾಡಿದಿರಿ. ಕಾಗದ ಅವರ ಕೈಗೆ ಕೊಡುವುದಿಲ್ಲ, ನಾನೇ ತರುತ್ತೇನೆ. ಓದಿ ಮುಗಿಸಿದೆಯಾ? ತಲೆಯೆತ್ತು, ಎದುರಿಗೇ ನಿಂತಿದ್ದೇನೆ.