ಒಂದು ಸ್ಥಾಯಿ ಕೆಳಗೆ

ಫೆಬ್ರವರಿ 6, 1962. ಮಂಗಳವಾರ. ಹೇಗ್

ಒಲೆಗೆ ಕಲ್ಲಿದ್ದಲು ಸುರಿದು ಯತಿಯ ಅಧ್ಯಾಯಕ್ಕೆ ಕೂತೆ. ಬರೆದದ್ದಕ್ಕಿಂತ ಹರಿದದ್ದು ಹೆಚ್ಚು. ಪದ್ಯದ ಸಾಲು ನಡುವೆ ಒಂದು ಗಳಿಗೆ ನಿಲ್ಲುತ್ತದಲ್ಲ, ಆ ನಿಲ್ಲುವುದರಲ್ಲಿ ಏನಿರುತ್ತದೆ — ನಲವತ್ತೇಳನೇ ವಯಸ್ಸಿನಲ್ಲಿ ಪಿಎಚ್.ಡಿ.ಗೆ ಇದನ್ನು ಬರೆಯುತ್ತಿದ್ದೇನೆ. ಯುದ್ಧ ಬರದಿದ್ದರೆ ಜಾವಾದ ಬಟಾವಿಯಾದಲ್ಲೇ ಎಂದೋ ಮುಗಿಯುತ್ತಿತ್ತು.

ಅಡುಗೆಮನೆಯಲ್ಲಿ ಲೋಡಿ. ಜರ್ಮನಿಯ ಕ್ಲಬ್ಬುಗಳಲ್ಲಿ ನುಡಿಸಿ ನುಡಿಸಿ ಸಾಕಾಗಿ, ತಂಡದ ಜೊತೆ ರಜೆಗೆ ಬಂದಿದ್ದಾನೆ. ಮೂವತ್ತು ದಾಟಿದ ತಮ್ಮ, ಇನ್ನೂ ಮಾ ಕೈಯಲ್ಲಿ ಬೈಸಿಕೊಳ್ಳುತ್ತಾನೆ. ತೊಡೆಯ ಮೇಲೆ ಹೊಸ ವಾದ್ಯ. ಆರು ತಂತಿಯ ಬೇಸ್ ಗಿಟಾರ್. ಆಂಪ್ಲಿಫೈಯರ್ ಹಾಕಿದರೆ ಕೆಳಮನೆಯವರು ಕೋಲಿನಿಂದ ತಮ್ಮ ಛಾವಣಿ ಕುಟ್ಟುತ್ತಾರೆ. ಅದಕ್ಕೇ ವಾದ್ಯದ ತುದಿಯನ್ನು ಊಟದ ಮೇಜಿಗೆ ಒತ್ತಿ ಹಿಡಿದು ನುಡಿಸುತ್ತಾನೆ. ಮೇಜೇ ಗುಂಯ್ ಅನ್ನುತ್ತದೆ.

“ಏನೋ ಅದು, ಬಾವಿಗೆ ಬಿದ್ದ ಕಪ್ಪೆ ಅವ್ವನ್ನ ಕರೀತಿರೋ ಹಾಗಿದೆ,” ಮಾ.

“ಬಾವಿ ಆಳ ಇದ್ರೆ ತಾನೆ ಮಾ, ದನಿಗೆ ಬೆಲೆ?”

“ಮಾತಿಗೇನೂ ಕಮ್ಮಿ ಇಲ್ಲ. ತಂಡದ ಹೆಸರು ಬೇರೆ ಸ್ಯಾಟಿನ್ ಟೈಗರ್ಸ್! ಮನೇಲಿ ಹುಲಿ, ಬೀದೀಲಿ ಇಲಿ.”

ಆ ಹುಲಿಗಳಿಗೆ ಕೋಟು ಹೊಲಿಯುತ್ತಿರುವವಳೂ ಅವಳೇ. ನೇರಳೆ ಸ್ಯಾಟಿನ್. ಕಣ್ಣಿಗೆ ಹೊಡೆಯುತ್ತದೆ. ಮುಂದಿನ ವಾರದ ಬುಧವಾರ ಸ್ಟುಡಿಯೋ. ಅವರ ಮೊದಲ ರೆಕಾರ್ಡ್. ಹಾಡುವವರಿಲ್ಲ, ಬರೀ ವಾದ್ಯ. ರಾಗ ಲೋಡಿಯದೇ.

ಫೆಬ್ರವರಿ 10. ಶನಿವಾರ

ಚರ್ಚಿನ ಹಿಂದಿನ ಹಾಲಿನಲ್ಲಿ ತಾಲೀಮು. ಹೋಗಿದ್ದೆ. ಆ ಬೇಸನ್ನು ಆಂಪ್ಲಿಫೈಯರಿನಲ್ಲಿ ಕೇಳಿದ್ದು ಇವತ್ತೇ ಮೊದಲು.

ಹೇಗೆ ಬರೆಯಲಿ. ಮಾಮೂಲಿ ಗಿಟಾರಿನದೇ ತಂತಿಗಳು, ಅದೇ ಸಾಲು — ಆದರೆ ಒಂದು ಸ್ಥಾಯಿ ಕೆಳಗೆ. ಬೇಸ್ ಅಂದರೆ ತಾಳಕ್ಕೆ ಒರಗಿಕೊಂಡು ಹಿಂದೆ ನಿಲ್ಲುವುದು ಅಂದುಕೊಂಡಿದ್ದೆ. ಇದು ಹಿಂದೆ ನಿಂತೇ ಹಾಡು ಹೇಳುತ್ತದೆ. ಮೊದಲು ಮೀಟುವ ಕಡ್ಡಿ ತಂತಿಗೆ ತಾಗಿದ ಸಣ್ಣ ಟಕ್. ಆಮೇಲೆ ದನಿ ಅಗಲವಾಗುತ್ತದೆ, ನೀರಿಗೆ ಎಣ್ಣೆ ಬಿದ್ದ ಹಾಗೆ. ಕೊನೆಗೆ ಲೋಡಿ ವಾದ್ಯಕ್ಕೆ ಜೋಡಿಸಿದ, ತಂತಿ ಸಡಿಲಿಸುವ ಉಕ್ಕಿನ ಕೋಲನ್ನು ಅಂಗೈಯಲ್ಲಿ ಮೆಲ್ಲಗೆ ಅದುಮುತ್ತಾನೆ… ಸ್ವರ ಕಾಲು ಜಾರಿ, ನಡುಗಿ, ಮತ್ತೆ ಎದ್ದು ನಿಲ್ಲುತ್ತದೆ.

ಮುಖ್ಯ ಗಿಟಾರಿನವನು ನಮ್ಮ ಚಿಕ್ಕಪ್ಪನ ಮಗ ರೆಜಿ. “ನೋಡಕ್ಕಾ, ಇದು ಪೂರ್ತಿ ಬೇಸೂ ಅಲ್ಲ, ಪೂರ್ತಿ ಗಿಟಾರೂ ಅಲ್ಲ. ಥೇಟ್ ನಮ್ಮ ಹಾಗೆ!”

ಎಲ್ಲರೂ ನಕ್ಕರು. ನಮ್ಮದು ಡಚ್ಚರ ಹೆಸರು, ಜಾವಾದ ಮೂಗು. ಅಲ್ಲಿಯೂ ಅರ್ಧ, ಇಲ್ಲಿಯೂ ಅರ್ಧ. ನನಗೂ ಹೊಳೆದಿತ್ತು. ತೀರಾ ಸುಲಭದ ಉಪಮೆ ಅಂತ ಬಾಗಿಲಾಚೆ ನಿಲ್ಲಿಸಿದ್ದೆ. ರೆಜಿ ಒಳಗೆ ಕರೆದು ಕೂರಿಸಿಬಿಟ್ಟ.

ಟ್ರಾಮಿನಲ್ಲಿ ಬರುವಾಗ ಲೋಡಿ ಕೇಳಿದ: “ನಡುವಿನ ಭಾಗ ಗಮನಿಸಿದೆಯಾ?”

“ಕುಂಟುತ್ತಾ ಹಾರುತ್ತಲ್ಲ, ಅದಾ?”

“ಹ್ಞೂಂ. ಯಾರದು ಹೇಳು.”

ಎರಡು ಸ್ಟಾಪು ದಾಟಿದ ಮೇಲೆ ಹೊಳೆಯಿತು. ಅಪ್ಪ. ಜಾವಾದಲ್ಲಿ, ಮಲಾಂಗಿನ ಮನೆಯ ಜಗಲಿ. ಅಲ್ಲಿನ ಕ್ರೊಂಚೊಂಗ್ ಹಾಡುಗಳ ಸಂಜೆ. ಅಪ್ಪ ಚೆಲ್ಲೋಗೆ ಕಮಾನು ಮುಟ್ಟಿಸುತ್ತಿರಲಿಲ್ಲ. ಮದ್ದಲೆ ನುಡಿದ ಹಾಗೆ ಬೆರಳಲ್ಲೇ ಮೀಟುತ್ತಿದ್ದರು. ಅದೇ ನಡೆ. ಯುದ್ಧದಲ್ಲಿ ಜಪಾನಿಯರು ಅಪ್ಪನನ್ನು ಲಾರಿಗೆ ಹತ್ತಿಸಿಕೊಂಡು ಹೋದಾಗ ಲೋಡಿಗಿನ್ನೂ ಮೀಸೆ ಬಂದಿರಲಿಲ್ಲ. ಅಪ್ಪ ವಾಪಸಾಗಲಿಲ್ಲ. ಆ ನಡೆ ಇವನ ಬೆರಳಲ್ಲಿ ಉಳಿದಿದೆ ಅಂತ ನನಗೆ ಗೊತ್ತೇ ಇರಲಿಲ್ಲ.

ಫೆಬ್ರವರಿ 14. ಬುಧವಾರ

ಸ್ಟುಡಿಯೋ.

ರೆಕಾರ್ಡ್ ಕಂಪನಿಯ ಫೆಂಕೆಮಾ ಒಳ್ಳೆಯ ಮನುಷ್ಯರೇ. ಹಾಲೆಂಡಿನ ಉತ್ತರದ ಕಡೆಯವರು, ಹೌದಂದರೆ ಹೌದು, ಇಲ್ಲವೆಂದರೆ ಇಲ್ಲ. ಒಮ್ಮೆ ಪೂರ್ತಿ ಕೇಳಿದರು. ಹಣೆ ಉಜ್ಜಿಕೊಂಡರು.

“ರಾಗ ಚೆನ್ನಾಗಿದೆ. ಆದ್ರೆ ಕೆಳಗಿನ ದನಿ ಇಷ್ಟು ಜೋರಾಗಿ ಮುಂದೆ ಬಂದ್ರೆ ರೆಕಾರ್ಡಿನ ಗೆರೆ ಅಗಲ ಆಗುತ್ತೆ. ಅಗ್ಗದ ಪ್ಲೇಯರಲ್ಲಿ ಮುಳ್ಳು ಹಾರುತ್ತೆ. ರಾಗಾನ ರೆಜಿ ಮೇಲಿನ ಸ್ಥಾಯಿಲಿ ನುಡಿಸ್ಲಿ. ಹಿಂದೆ ನಮ್ಮ ಸ್ಟುಡಿಯೋದವರ ದೊಡ್ಡ ಬೇಸ್ ಇರ್ಲಿ. ಒಪ್ಪಿಗೆ ತಾನೆ, ಲೋಡಿ?”

ಲೋಡಿ ಮುಗುಳ್ನಕ್ಕ. “ಸೂದಾ, ಸರ್. ಆಗಲಿ.”

“ಒಳ್ಳೇದು.” ಫೆಂಕೆಮಾ ಒಳಗೆ ಹೋದರು. ಆಳೆತ್ತರದ ದೊಡ್ಡ ಬೇಸನ್ನು ಹೊತ್ತು ಒಬ್ಬ ಮುದುಕರು ಬಂದರು.

ಸೂದಾ. ಆಯಿತು ಬಿಡು. ತಟ್ಟೆ ಬಿದ್ದು ಒಡೆದರೂ ಸೂದಾ, ಊರು ಬಿಟ್ಟು ಹಡಗು ಹತ್ತಿದರೂ ಸೂದಾ. ನಗುತ್ತಾ ಹೇಳಿದರಂತೂ ಒಪ್ಪಿಗೆ ಅಂತ ಅರ್ಥವೇ ಅಲ್ಲ. ಮತ್ತೆ ಕೇಳಬೇಕು. ನಮ್ಮಲ್ಲಿ ಊಟಕ್ಕೆ ಕರೆದರೂ ಮೊದಲ ಸಲ ಬೇಡ ಅನ್ನುತ್ತೇವೆ, ಎರಡನೇ ಸಲವೂ ಬೇಡ. ಮೂರನೇ ಸಲಕ್ಕೆ ಮನಸ್ಸಿನ ಮಾತು ಹೊರಬರುತ್ತದೆ. ಫೆಂಕೆಮಾ ಒಂದೇ ಸಲ ಕೇಳಿದರು. ಲೋಡಿ ಇನ್ನೆರಡು ಸಲಕ್ಕೆ ಕಾಯುತ್ತಾ ನಿಂತಿದ್ದ.

ಬಾಯಿ ತೆರೆಯಬೇಕು ಅನ್ನಿಸಿತು ನನಗೆ, ತೆರೆಯಲಿಲ್ಲ. ಅವನಿಗೆ ಅವಮಾನ ಆದೀತು ಅಂತ… ಅಥವಾ ನಾನೂ ಅದೇ ಮನೆಯವಳು ಅಂತ.

ರೆಕಾರ್ಡಿಂಗ್ ಮುಗಿಯುವವರೆಗೂ ಲೋಡಿ ವಾದ್ಯವನ್ನು ಮಡಿಲಲ್ಲಿಟ್ಟುಕೊಂಡು ಕೂತಿದ್ದ. ನಿದ್ದೆ ಹೋದ ಮಗುವನ್ನು ಎತ್ತಿಕೊಂಡ ಹಾಗೆ.

ಫೆಬ್ರವರಿ 15

ಲೋಡಿ ಊಟಕ್ಕೆ ಏಳಲಿಲ್ಲ. ಯತಿಯ ಅಧ್ಯಾಯ ಮುಟ್ಟಲಿಲ್ಲ.

ಫೆಬ್ರವರಿ 23. ಶುಕ್ರವಾರ

ಮಾದರಿ ರೆಕಾರ್ಡ್ ಬಂತು. ಮಾ ಕೈ ಒರೆಸಿಕೊಂಡು ಬಂದು ಕೂತಳು. ರೆಜಿಯ ಗಿಟಾರು ಮಿಂಚುತ್ತದೆ, ಚುರುಕಾಗಿದೆ. ಹಿಂದೆ ದೊಡ್ಡ ಬೇಸ್ ಗಡಿಯಾರದ ಹಾಗೆ ನಡೆಯುತ್ತದೆ. ತಪ್ಪು ಹುಡುಕಿದರೂ ಸಿಗದು. ಮುಗಿಯಿತು.

ಮಾ ರೆಕಾರ್ಡ್ ಪ್ಲೇಯರನ್ನೇ ನೋಡುತ್ತಿದ್ದಳು. “ನೀನೆಲ್ಲೋ ಇದ್ರಲ್ಲಿ?”

“ಸೂದಾ, ಮಾ.”

“ಏನು ಸೂದಾ? ಬಾವಿಯೊಳಗಿನ ಕಪ್ಪೆ ಎಲ್ಲಿ ಹೋಯ್ತು?”

“ಅವರಿಗೆ ಅದು ಬೇಡವಂತೆ. ದೊಡ್ಡ ಕಂಪನಿ, ಅವರಿಗೆ ಗೊತ್ತಿರುತ್ತೆ. ಜರ್ಮನಿಗೆ ಹೋದ್ಮೇಲೆ ಇದನ್ನ ಕೊಟ್ಟುಬಿಟ್ಟು ಸಾದಾ ಗಿಟಾರೇ ಹಿಡೀತೀನಿ. ರೆಕಾರ್ಡಲ್ಲಿ ಇಲ್ಲದ ದನಿ ಸ್ಟೇಜಲ್ಲಿ ಯಾಕೆ?”

“ನೀನು ಬೇಡ ಅಂದ್ಯಾ ಅವರಿಗೆ?”

ಲೋಡಿ ರೆಕಾರ್ಡನ್ನು ತೆಗೆದು ಕವರಿಗೆ ಸೇರಿಸಿದ.

“ನಿಮ್ಮಪ್ಪನೂ ಸೂದಾ ಅಂತಾನೇ ಲಾರಿ ಹತ್ತಿದ್ದು,” ಅಂದಳು ಮಾ. ಎದ್ದು ಹೋಗಿ ಅಕ್ಕಿ ತೊಳೆಯತೊಡಗಿದಳು. ತೊಳೆದದ್ದನ್ನೇ ಮತ್ತೆ ಮತ್ತೆ.

ಇಷ್ಟು ವರ್ಷದಲ್ಲಿ ಆ ಲಾರಿಯ ಮಾತು ಅವಳ ಬಾಯಿಂದ ಬಂದದ್ದು ಇದೇ ಮೊದಲು.

ಮುಂದಿನ ಗುರುವಾರ ರೆಕಾರ್ಡ್ ಅಚ್ಚಿಗೆ ಹೋಗುತ್ತದೆ. ಆಮೇಲೆ ಏನೂ ಮಾಡುವ ಹಾಗಿಲ್ಲ.

ಫೆಬ್ರವರಿ 26. ಸೋಮವಾರ. ಬೆಳಿಗ್ಗೆ ಹನ್ನೊಂದು

ಮೂಲೆಯ ಅಂಗಡಿಯಿಂದ ಫೆಂಕೆಮಾ ಅವರಿಗೆ ಫೋನ್ ಮಾಡಿದೆ. ಲೋಡಿಗೆ ಹೇಳಿರಲಿಲ್ಲ.

“ಅವನಿಗೆ ಇಷ್ಟ ಇರಲಿಲ್ಲ, ಸರ್.”

“ಮೇಡಂ, ನಿಮ್ಮ ಎದುರಿಗೇ ಕೇಳಿದ್ನಲ್ಲ. ಆಗಲಿ ಅಂದ.”

“ನೀವು ಒಂದೇ ಸಲ ಕೇಳಿದ್ರಿ.”

“ಮತ್ತೆ? ಎಷ್ಟು ಸಲ ಕೇಳ್ಬೇಕಿತ್ತು?”

“ಮೂರು. ಇನ್ನೂ ಎರಡು ಬಾಕಿ ಇದೆ.”

ಆ ಕಡೆ ಕೆಮ್ಮಿದ ಹಾಗೆ — ನಗುತ್ತಿದ್ದರು.

“ಅದೆಂಥ ಲೆಕ್ಕ, ಮೇಡಂ! ಸರಿ, ಬುಧವಾರ ಬೆಳಿಗ್ಗೆ ಒಂದು ಗಂಟೆ ಖಾಲಿ ಇದೆ. ಕರ್ಕೊಂಡು ಬನ್ನಿ. ಬಾಕಿ ತೀರಿಸ್ತೀನಿ. ಆದ್ರೆ ಒಂದು ಮಾತು. ಬೇಡ ಅನ್ನೋದನ್ನ ಅವನ ಬಾಯಿಂದ್ಲೇ ಕೇಳ್ಬೇಕು. ಅಕ್ಕ ಹೇಳಿದ್ರೆ ನಡೆಯಲ್ಲ.”

ಮನೆಗೆ ಬಂದು ಹೇಳಿದೆ. ಲೋಡಿ ರೇಗಿದ. “ನಾನೇನು ಸ್ಕೂಲ್ ಮಗುವಾ, ನೀನು ಹೋಗಿ ಮೇಷ್ಟ್ರ ಹತ್ರ ಮಾತಾಡೋಕೆ?” ಬಾಗಿಲು ದಬ್ಬಿ ಹೋದ.

ಸರಿಯೇ. ಬೈಯಲಿ. ನನ್ನ ಮೇಲೆ ಹೊರಡುವ ದನಿ ಅಲ್ಲೂ ಹೊರಟರೆ ಸಾಕು.

ಫೆಬ್ರವರಿ 28. ಬುಧವಾರ. ಸಂಜೆ

ಬಂದ. ಬೆಳಿಗ್ಗೆ ಲೋಡಿ ವಾದ್ಯದ ಪೆಟ್ಟಿಗೆ ಹೊತ್ತು ನನಗಿಂತ ಮುಂದೆ ನಡೆದ.

ತಂಡದವರೂ ಬಂದಿದ್ದರು. ಫೆಂಕೆಮಾ ಕುರ್ಚಿ ಎಳೆದುಕೊಂಡು ಎದುರಿಗೇ ಕೂತರು. “ಲೋಡಿ, ಎರಡನೇ ಸಲ ಕೇಳ್ತಿದ್ದೀನಿ. ಈಗಿರೋ ಹಾಗೇ ಅಚ್ಚಿಗೆ ಕಳಿಸ್ಲಾ?”

ಲೋಡಿ ಅದೇ ನಗು ನಕ್ಕ. “ನಿಮಗೆ ಗೊತ್ತಿರುತ್ತೆ, ಸರ್…”

ರೆಜಿ ಛಾವಣಿ ನೋಡಿದ. ನಾನು ತುಟಿ ಕಚ್ಚಿಕೊಂಡೆ. ಫೆಂಕೆಮಾ ಅವಸರ ಮಾಡಲಿಲ್ಲ. ಸಿಗರೇಟು ಹಚ್ಚಿದರು, ಕಡ್ಡಿ ಆರಿಸಿದರು.

“ಮೂರನೇ ಸಲ. ಕಳಿಸ್ಲಾ?”

ನಿಲುಗಡೆಯ ಬಗ್ಗೆ ನಾನು ಬರೆದದ್ದೆಲ್ಲ ಓದುವವಳ ಮಾತು. ಅದರೊಳಗೆ ನಿಂತವನು ಹೇಗಿರುತ್ತಾನೆ ಅಂತ ಇವತ್ತು ಕಂಡೆ. ಲೋಡಿಯ ಕುತ್ತಿಗೆಯ ನರ ಕಾಣುತ್ತಿತ್ತು. ನಗು ಒಂದೊಂದೇ ಎಳೆ ಬಿಚ್ಚಿಕೊಂಡು ಹೋಯಿತು.

“ಬೇಡ.”

ಬಲು ಸಣ್ಣ ದನಿ. ಆದರೂ ಅಂದ.

“ಮುಳ್ಳು ಹಾರಿದ್ರೆ?”

“ಹಾರಲ್ಲ ಸರ್. ಅಂಗೈ ತಂತಿ ಮೇಲಿಟ್ಟೇ ನುಡಿಸ್ತೀನಿ, ಸ್ವರ ಗಿಡ್ಡವಾಗುತ್ತೆ. ನಡುವಿನ ಭಾಗದಲ್ಲಿ ಮಾತ್ರ ಕೈ ತೆಗೀತೀನಿ. ಅಲ್ಲಿ ಮಿಕ್ಕವರು ತಗ್ಗಲಿ.”

ನುಡಿಸಿದರು. ಒಂದು ಸಲ ರೆಜಿ ತಪ್ಪಿದ, ಇನ್ನೊಂದು ಸಲ ಡ್ರಮ್ಮಿನವನು. ಆಮೇಲಿನದರಲ್ಲಿ ಯಾರೂ ತಪ್ಪಲಿಲ್ಲ. ನಡುವಿನ ಭಾಗ ಬಂದಾಗ ಲೋಡಿ ಅಂಗೈ ಎತ್ತಿದ. ನಾನು ಗೋಡೆಯ ಕಡೆ ತಿರುಗಿ ನಿಂತೆ.

ಟೇಪು ನಿಂತ ಮೇಲೆ ಫೆಂಕೆಮಾ ಗಾಜಿನ ಕೋಣೆಯಿಂದ ಹೊರಬಂದರು. “ಚೆನ್ನಾಗಿ ಬಂದಿದೆ. ಇದನ್ನ ರೆಕಾರ್ಡಿನ ಹಿಂದಿನ ಮಗ್ಗುಲಿಗೆ ಹಾಕೋಣ. ಮೊದಲಿನದು ಮುಂದೆ ಇರ್ಲಿ. ಸರಿ ತಾನೆ?”

ಒಂದೇ ಸಲ ಕೇಳಿದರು. “ಸರ್, ಅಂದ್ರೆ ಇವನಿಗೆ —” ಅನ್ನುವಷ್ಟರಲ್ಲಿ,

“ಅಕ್ಕ, ನೀನು ಸುಮ್ನಿರು.”

ಲೋಡಿ ಬಗ್ಗಿ ವೈರು ಸುತ್ತುತ್ತಿದ್ದ. ತಲೆಯೆತ್ತಲಿಲ್ಲ. “ಬೇಡ, ಸರ್. ಇದು ಮುಂದಿನ ಮಗ್ಗುಲಿಗೆ.”

ಫೆಂಕೆಮಾ ಅವನನ್ನು ನೋಡಿದರು, ನನ್ನನ್ನು ನೋಡಿದರು. “ಒಂದೇ ಸಲಕ್ಕೆ!” ಅಂದರು. ಕಿವಿಯ ಮೇಲಿದ್ದ ಪೆನ್ಸಿಲ್ ತೆಗೆದರು. ಟೇಪಿನ ಡಬ್ಬಿಯ ಮೇಲೆ ಮೊದಲೇ ಬರೆದಿದ್ದನ್ನು ಹೊಡೆದು ಹಾಕಿ, ನಿಧಾನಕ್ಕೆ, ತಿದ್ದಿ ಬರೆದರು.

ಈಗ ಅಡುಗೆಮನೆಯಲ್ಲಿ ಲೋಡಿ ಮಾ ಮುಂದೆ ಎಲ್ಲವನ್ನೂ ಅಭಿನಯಿಸಿ ತೋರಿಸುತ್ತಿದ್ದಾನೆ. ಫೆಂಕೆಮಾ ಅವರ ಕೆಮ್ಮು, ರೆಜಿಯ ಮುಖ, ನಾನು ಬಾಯಿ ಹಾಕಿದ್ದು. ಕೆಳಮನೆಯವರು ಛಾವಣಿ ಕುಟ್ಟಿದರು. ಅವನು ದನಿ ತಗ್ಗಿಸಲಿಲ್ಲ. ಮಾ ಏನೋ ಕೇಳಿದಳು — ಅಪ್ಪನ ಹೆಸರು ಕಿವಿಗೆ ಬಿತ್ತು. ಆಮೇಲೆ ಅವಳು ನಗುತ್ತಿದ್ದಾಳೋ ಅಳುತ್ತಿದ್ದಾಳೋ ಗೋಡೆಯ ಈ ಕಡೆಗೆ ತಿಳಿಯುತ್ತಿಲ್ಲ. ಎದ್ದು ಹೋಗಿ ನೋಡುತ್ತೇನೆ.