ಹಳೇ ಗೇರು, ಹೊಸ ಬಾಕ್ಸು

ಜೂನ್ 14, ಶನಿವಾರ

ಇವತ್ತೂ ಗೇರ್ ಲಿವರಿನ ರಾಡ್ ಕೂರಲಿಲ್ಲ. ಶಿವಾಜಿನಗರದಲ್ಲಿ ಮೆಕ್ಯಾನಿಕ್ ಹಬೀಬ್ ಶೆಡ್. ಅಪ್ಪನ ಕಾಂಟೆಸ್ಸಾ ಕಾರಿನ ಕೆಳಗೆ ಮಲಗಿ ಮಲಗಿ ಬೆನ್ನೆಲ್ಲ ಗ್ರೀಸ್. ಗುಜರಿಯಲ್ಲಿ ಸಿಕ್ಕ ಆಟೋಮ್ಯಾಟಿಕ್ ಗೇರ್‌ಬಾಕ್ಸ್ ಇಂಜಿನ್ ಜೊತೆ ಹೊಂದಿಕೊಂಡಾಯ್ತು. ತಂಟೆ ಮಾಡ್ತಿರೋದು ಲಿವರ್. ಬಾಕ್ಸ್ ಜೊತೆ ಬಂದ ಲಿವರನ್ನೇ ಹಾಕಿದ್ದರೆ ಅರ್ಧ ದಿನದ ಕೆಲಸ ಅಂತ ಹಬೀಬ್ ಗೊಣಗಿದ. ನಿಜವೇ. ಆದರೆ ಅಪ್ಪನ ಷರತ್ತು — ಹಳೇ ಲಿವರ್, ಹಳೇ ಜಾಗ. ಇಲ್ಲದಿದ್ದರೆ ಗಾಡಿ ಮುಟ್ಟಲ್ಲ.

ಎಡ ಮಂಡಿ ಆಪರೇಷನ್ ಆದಾಗಿಂದ ಅವನಿಗೆ ಕ್ಲಚ್ ಒತ್ತೋಕಾಗಲ್ಲ. ಕ್ಯಾಬ್ ಹತ್ತಲ್ಲ. ನಾನು ಓಡಿಸಿದರೆ ಪಕ್ಕದಲ್ಲಿ ಕೂರಲ್ಲ. ಸ್ವಂತ ತಂಗಿ, ಹಲಸೂರಿನ ಆಂಜನಮ್ಮತ್ತೆ, ಬಿದ್ದು ಸೊಂಟ ಮುರ್ಕೊಂಡರೂ ನೋಡೋಕೆ ಹೋಗಲಿಲ್ಲ. ಕೆ.ಆರ್. ಪುರದ ಈ ಮನೆ ಗೇಟು ದಾಟೇ ಇಲ್ಲ. ಮನೇಲೇ ಕೊಳೆತುಹೋಗ್ತಾನೆ ಅಂತ ಭಯ ನನಗೆ.

ಜೂನ್ 17, ಮಂಗಳವಾರ

ಆಫೀಸಲ್ಲಿ ಕಂಪನಿ ಡ್ರಾಯಿಂಗ್ ಪಕ್ಕಕ್ಕಿಟ್ಟು ಲಿವರ್ ಗೀಚಿದೆ. ಮ್ಯಾನೇಜರ್ ಹಿಂದೆ ನಿಂತು ನೋಡಿ ಹೋದ. ಮೇಲೆ ಡ್ರೈವ್‌ಗೆ ಎಳೆದರೂ ಕೆಳಗೆ ಬಾಕ್ಸ್ ಪೂರ್ತಿ ಹೊರಳ್ತಿಲ್ಲ. ಲಿವರಿನ ಕಾಲು ಗಿಡ್ಡ. ಉದ್ದ ಮಾಡಿ ರಾಡಿನ ತೂತು ಕೆಳಗಿಳಿಸಬೇಕು...

ಅದಕ್ಕಿಂತ ದೊಡ್ಡ ತಲೆನೋವು ಅಪ್ಪನ ಕೈ. ಎರಡನೇ ಗೇರಿಂದ ಮೂರಕ್ಕೆ ಅಂತ ಅದು ತಾನಾಗೇ ಮುಂದೆ ತಳ್ಳುತ್ತೆ. ಹೊಸ ಬಾಕ್ಸಲ್ಲಿ ಮುಂದೆ ತಳ್ಳಿದರೆ ನ್ಯೂಟ್ರಲ್, ಅದರಾಚೆ ರಿವರ್ಸ್. ಓಡ್ತಿರೋ ಗಾಡೀಲಿ! ನಡುವೆ ಒಂದು ತಡೆ ಪ್ಲೇಟ್ ಬೇಕೇ ಬೇಕು. ಲಿವರನ್ನ ಪಕ್ಕಕ್ಕೆ ಎಳೆದರೆ ಮಾತ್ರ ರಿವರ್ಸ್ ಬೀಳಬೇಕು. ನಿದ್ದೆ ಸರಿಯಾಗಿಲ್ಲ.

ಜೂನ್ 28, ಶನಿವಾರ

ರಾಡ್ ಕೂತ್ಕೊಂತು! ತಡೆ ಪ್ಲೇಟೂ ಹಿಡೀತು. ಹಬೀಬ್ ಜೋರಾಗಿ ತಳ್ಳಿ ತಳ್ಳಿ ನೋಡಿದ. ಬಿರಿಯಾನಿ ತರಿಸಿದ, ನಾನು ತಿನ್ನಲಿಲ್ಲ. ಅಪ್ಪ ಕೂತು ಓಡಿಸಲಿ, ಆಮೇಲೆ ತಿಂತೀನಿ ಅಂದೆ.

ಜುಲೈ 6, ಭಾನುವಾರ

ನಮ್ಮ ಹಳೇ ಹೊಲದಲ್ಲಿ ಉಳಿದಿರೋ ಖಾಲಿ ಸೈಟಲ್ಲಿ ಟ್ರಯಲ್. ಅಪ್ಪ ಇಸ್ತ್ರಿ ಷರ್ಟ್ ಹಾಕ್ಕೊಂಡು ಬಂದ. ಲಿವರ್ ಮೇಲೆ ಕೈಯಿಟ್ಟ, ಮುಖ ಅರಳಿತು. ಹೊರಟ. ಸ್ವಲ್ಪ ವೇಗ ಬಂತು — ಎಡಗಾಲು ಈಗ ಇಲ್ಲದ ಕ್ಲಚ್ ಹುಡುಕಿ ಬ್ರೇಕ್ ಮೇಲೆ ಬಿತ್ತು. ನನ್ನ ಹಣೆ ಡ್ಯಾಶ್‌ಬೋರ್ಡಿಗೆ ಬಡೀತು. ಮತ್ತೆ ಹೊರಟ, ಮತ್ತೆ ಅದೇ. ಇಳಿದು ಕೀ ನನ್ನ ಕೈಗೆ ಕೊಟ್ಟ.

"ಮಾರ್ಬಿಡು" ಅಂದ.

ಲಿವರ್ ಬಗ್ಗೆ ಅಷ್ಟೆಲ್ಲ ಯೋಚಿಸಿದೆ, ಕಾಲಿನ ಬಗ್ಗೆ ಯೋಚಿಸಲೇ ಇಲ್ಲ. ಪೆದ್ದಿ ನಾನು.

ಜುಲೈ 12, ಶನಿವಾರ

ಕಿತ್ತುಹಾಕಿದ್ದ ಕ್ಲಚ್ ಪೆಡಲನ್ನ ವಾಪಸ್ ಹಾಕಿಸಿದೆ. ಯಾವುದಕ್ಕೂ ಸೇರಿಲ್ಲ, ಅಪ್ಪನ ಕಾಲು ಒತ್ತೋಕೆ ಒಂದು ಮೆತ್ತನೆ ಸ್ಪ್ರಿಂಗ್ ಅಷ್ಟೇ. ಹಬೀಬ್ ನಕ್ಕು ನಕ್ಕು ಸುಸ್ತಾದ. ಇಂಥಾ ಕೆಲಸ ಯಾರಿಗೂ ಹೇಳ್ಬೇಡಿ ಮೇಡಂ, ಮಾರ್ಕೆಟ್ಟಲ್ಲಿ ನನ್ನ ಮರ್ಯಾದೆ ಹೋಗುತ್ತೆ ಅಂದ. ಅಪ್ಪನಿಗೆ ಇದ್ದದ್ದನ್ನ ಇದ್ದ ಹಾಗೆ ಹೇಳಿದೆ. ಬಗ್ಗಿ ಪೆಡಲ್ ನೋಡಿದ.

"ಇರ್ಲಿ ಬಿಡು. ಕಾಲಿಗೂ ಒಂದು ಜಾಗ ಬೇಕಲ್ಲ."

ಜುಲೈ 13, ಭಾನುವಾರ

ಟಿನ್ ಫ್ಯಾಕ್ಟರಿ ಬಸ್ ಸ್ಟಾಪ್‌ವರೆಗೆ ಹೋಗಿ ಬಂದ್ವಿ! ಅಪ್ಪನೇ ಓಡಿಸಿದ. ಬಸ್ಸುಗಳ ಮಧ್ಯೆ ನಾನು ಸೀಟು ಗಟ್ಟಿಯಾಗಿ ಹಿಡ್ಕೊಂಡಿದ್ದೆ. ಅವನು ಪೆಡಲ್ ಒತ್ತುತ್ತಾ, ಲಿವರ್ ಸವರುತ್ತಾ, ಆಟೋದವರನ್ನ ಬೈತಾ ಆರಾಮಾಗಿದ್ದ. ಒಂದು ಸಲ ಲಿವರ್ ಮುಂದೆ ತಳ್ಳಿದ, ನ್ಯೂಟ್ರಲ್‌ಗೆ ಬಿತ್ತು, ಇಂಜಿನ್ ಕಿರುಚಿತು. ರಿವರ್ಸ್‌ಗೆ ಹೋಗದ ಹಾಗೆ ಪ್ಲೇಟ್ ತಡೀತು. ತಾನೇ ಸರಿ ಮಾಡ್ಕೊಂಡ. ಮನೆಗೆ ಬಂದು ಬಚ್ಚಲಲ್ಲಿ ನಲ್ಲಿ ಬಿಟ್ಕೊಂಡು ಅತ್ತುಬಿಟ್ಟೆ. ಖುಷಿಗೇ.

ಜುಲೈ 16, ಬುಧವಾರ, ಸಂಜೆ 6

ಆಫೀಸಿಂದ ಬಂದರೆ ಗೇಟು ತೆಗೆದಿದೆ. ಗಾಡಿ ಇಲ್ಲ. ಅಪ್ಪನೂ ಇಲ್ಲ.

ಫೋನ್ ಮಾಡೋಣ ಅಂತ ನಂಬರ್ ತೆಗೆದೆ. ಮಾಡಲಿಲ್ಲ. ಮಾಡಿದರೆ ಲಿವರ್ ಬಿಟ್ಟು ಫೋನ್ ತಗೋತಾನೆ.

ಪ್ಲೇಟಿನ ಬೋಲ್ಟ್ ಸಡಿಲ ಆಗದ ಹಾಗೆ ಲಾಕ್ ವಾಷರ್ ಹಾಕಿದ್ವಾ? ಹಾಕಿದ್ವಿ. ಹಾಕಿದ್ವಿ ಅನ್ಸುತ್ತೆ. ಹಬೀಬ್‌ಗೆ ಕೇಳಿದೆ, ಹಾಕಿದೀನಿ ಅಂದ. ಸಮಾಧಾನ ಆಗಲಿಲ್ಲ.

ಸಂಜೆ 7

ಆಂಜನಮ್ಮತ್ತೆ ಫೋನ್. ಅಪ್ಪ ಬಂದು ಕಾಫಿ ಕುಡಿದು ಹೊರಟು ತುಂಬ ಹೊತ್ತಾಯ್ತಂತೆ. ಒಬ್ಬನೇ ಬಂದೆ, ಒಬ್ಬನೇ ಬಂದೆ ಅಂತ ಬೀದಿಗೆಲ್ಲ ಹೇಳಿದನಂತೆ. ನಾಳೆ ಅತ್ತೆನ ಡಾಕ್ಟರ ಹತ್ರ ಇವನೇ ಕರ್ಕೊಂಡು ಹೋಗ್ತಾನಂತೆ.

ನಾಳೆನೂ. ನಾಳಿದ್ದು ಇನ್ನೆಲ್ಲಿಗೋ. ಇದಕ್ಕೇ ತಾನೆ ಇಷ್ಟು ಒದ್ದಾಡಿದ್ದು? ಈಗ ನೋಡಿದರೆ ಸಿಟ್ಟು ಬರ್ತಿದೆ. ಬೈಯೋಕೆ ಮಾತೆಲ್ಲ ಜೋಡಿಸಿಟ್ಟಿದ್ದೆ. ಬೇಡ. ಒಂದು ಮಾತು ಬೈದರೆ ಮತ್ತೆ ಕೀ ನನ್ನ ಕೈಗೆ ಕೊಡ್ತಾನೆ. ಏನೂ ಕೇಳಬಾರದು. ಎಲ್ಲಿಗೆ ಹೋಗಿದ್ದೆ ಅಂತಲೂ. ಟಿವಿ ಹಾಕ್ಕೊಂಡು, ಈಗ ತಾನೆ ಆಫೀಸಿಂದ ಬಂದವಳ ಹಾಗೆ ಕೂತಿರಬೇಕು.

ಗೋಡೆ ಮೇಲೆ ಹೆಡ್‌ಲೈಟ್ ಬೆಳಕು ಬಿತ್ತು. ನಮ್ಮ ಗಾಡೀನೇನಾ —